ಮಡಿಲು ಶೀಲ್ಡ್

ಬೆನ್ನಿನಿಂದ ಹೊರಟ ಬೆವರಿನ ಹನಿಯೊಂದು ಇಳಿದು ಇಳಿದು ಬೆಲ್ಟಿನ ಅಂಚಿಗೆ ಬಂದು ನಿಂತಿತು, ಅಲ್ಲಿಂದ ಕೆಳಗೆ ಹೋಗಲಿಕ್ಕೆ ಅದಕ್ಕೆ ದಾರಿ ಇಲ್ಲ, ಪಾಪ, ಬೆವರಿಗೆ ದಾರಿ ಇಲ್ಲ, ಗಾಳಿಗೆ ದಾರಿ ಇಲ್ಲ, ಮೊಬೈಲಿನ ಅಲೆಗಳಿಗೆ ಮಾತ್ರ ಮೇಲಿನಿಂದ ಕೆಳಗಿನಿಂದ ಬದಿಯಿಂದ ರಾಜರಸ್ತೆ ಉಂಟು, ಅವುಗಳನ್ನು ತಡೆಯಲಿಕ್ಕೆಂದೇ ಹೊಲಿದ ಬೆಲ್ಟು ಇದು, ಏಳು ತಿಂಗಳ ಹೊಟ್ಟೆಯ ಮೇಲೆ, ಹೊಸ ಹಸಿರು ಸೀರೆಯ ಮೇಲೆ, ಸೀರೆಗೆ ಮ್ಯಾಚಿಂಗ್ ಹಸಿರು ಬಟ್ಟೆ ಹೊದೆಸಿ, ನಡುವಿಗೆ ಬಂಗಾರದ ಬಣ್ಣದ ನೂಲಿನಲ್ಲಿ ಮಡಿಲು ಶೀಲ್ಡ್ ಎಂದು ಕಸೂತಿ ಹಾಕಿಸಿ ಕಟ್ಟಿಬಿಟ್ಟಿದ್ದಾರೆ, ಗಾಡಿ ಶೋರೂಮಿನಲ್ಲಿ ಹೊಸ ಕಾರಿಗೆ ರಿಬ್ಬನ್ ಕಟ್ಟುವ ಹಾಗೆ, ಇನ್ನು ಕತ್ತರಿ ಒಂದು ಬಾಕಿ. ಎದುರಿಗೆ ಬಾಳೆ ಎಲೆ, ಎಲೆಯ ಮೇಲೆ ಅವಲಕ್ಕಿ, ಚಕ್ಕುಲಿ, ಎಳ್ಳುಂಡೆ, ಬಾಳೆಹಣ್ಣು, ಅತ್ತೆ ನಿನ್ನೆಯಿಂದ ನಿಂತು ಮಾಡಿಸಿದ್ದು, ತಲೆಯಲ್ಲಿ ಮಲ್ಲಿಗೆ ಎಷ್ಟು ಮುಡಿಸಿದ್ದಾರೆ ಅಂದರೆ ಕುತ್ತಿಗೆ ಹಿಂದಕ್ಕೆ ಎಳೀತಾ ಉಂಟು, ಎಲೆಯ ಆಚೆಗೆ ವಿಡಿಯೋದ ಡೆನಿಸ್, ಅವನ ಕೆಮರಾ, ಕೆಮರಾದ ಹಿಂದೆ ಮುಖೇಶ್ ಭಾವ, ನನ್ನ ಗಂಡ ಹಿತೇಶನ ಅಣ್ಣ, ನನಗೆ ಸಂಬಳ ಕೊಡುವ ಧಣಿ ಕೂಡ, ಬೈಕಂಪಾಡಿಯ ಫ್ಯಾಕ್ಟರಿಯ ಯಜಮಾನರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಎರಡು ಮೊಬೈಲು, ಅಂಗಳದ ಶಾಮಿಯಾನದಲ್ಲಿ ಎರಡು ಬಟ್ಟೆ ಸೇರುವಲ್ಲಿ ಸಣ್ಣ ಸಂದಿ ಬಿಟ್ಟಿದ್ದಾರೆ, ಅದರಿಂದ ಬಿಸಿಲಿನ ಒಂದು ಗೆರೆ ಇಳಿದು ಸರಿಯಾಗಿ ನನ್ನ ಎಲೆಯ ಮೇಲೆ ಅಡ್ಡ ಬಿದ್ದಿದೆ, ಎಳ್ಳುಂಡೆ ಅರ್ಧ ಬಿಸಿಲಲ್ಲಿ, ಅರ್ಧ ನೆರಳಲ್ಲಿ. ಅಷ್ಟು ದೊಡ್ಡ ಶಾಮಿಯಾನ, ವಾಮಂಜೂರಿನ ಅರ್ಧ ಜನಕ್ಕೆ ನೆರಳಾಗುವಷ್ಟು ದೊಡ್ಡದು, ಆದರೆ ಗೆರೆ ಬಂತಲ್ಲ.

ಒಂದೇ ವಾಕ್ಯ, ಪ್ರಾಪ್ತಿ, ಭಾವ ಬೆಳಿಗ್ಗೆ ಹೇಳಿದ್ದು, ಮೊನ್ನೆ ಹೇಳಿದ್ದು, ಅದರ ಮುಂಚಿನ ವಾರವೂ ಹೇಳಿದ್ದು, ನಾನು ಎರಡು ಸಲ ಆಗುವುದಿಲ್ಲ ಎಂದಿದ್ದೇನೆ, ಆಗುವುದಿಲ್ಲ ಎಂಬುದು ಭಾವನ ಕಿವಿಗೆ ಆಮೇಲೆ ನೋಡುವ ಎಂದು ಕೇಳಿಸುತ್ತದೆ, ಅಬುಧಾಬಿಯಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿ ಇಟ್ಟು ಬಂದವರು, ಗಿರಾಕಿ ಬೇಡ ಎಂದರೆ ಬಣ್ಣ ಬದಲಾಯಿಸಿ ತೋರಿಸಿ ಅಭ್ಯಾಸ. ಒಂದೇ ವಾಕ್ಯ — ಈ ಹಾಳೆ ಮಾಡಿದ ವಿಜ್ಞಾನಿ ನಾನು, ನನ್ನ ಮಗುವಿಗಾಗಿ ನಾನೂ ಇದನ್ನೇ ಹಾಕುತ್ತೇನೆ. ಇದರಲ್ಲಿ ಸುಳ್ಳು ಎಂತ ಉಂಟು ಹೇಳು, ಹಾಳೆ ಮಾಡಿದ್ದು ನೀನೇ ಅಲ್ವಾ, ಹಾಕಿಕೊಂಡೇ ಹೇಳ್ತೀಯಲ್ಲ. ಹೌದಲ್ಲ, ಹೌದು, ಒಂದೊಂದು ಶಬ್ದ ತೆಗೆದು ನೋಡಿದರೆ ಸುಳ್ಳಿಲ್ಲ, ಎಲ್ಲ ಸೇರಿದರೆ ಮಾತ್ರ ಇಡೀ ಸುಳ್ಳು. ಊಟ ಆದ ಮೇಲೆ ಅಮ್ಮ ನನ್ನನ್ನು ಕುದ್ರೋಳಿಗೆ ಕರಕೊಂಡು ಹೋಗ್ತಾರೆ, ಹೆರಿಗೆ ಬಾಣಂತನ ಎಲ್ಲ ತವರಿನಲ್ಲಿ, ಹಾಗಾಗಿ ಇವತ್ತೇ ಆಗಬೇಕು ವಿಡಿಯೋ, ಇಷ್ಟು ಹೂವು, ಇಷ್ಟು ಬಳೆ, ಇಷ್ಟು ಹಸಿರು ಇನ್ನು ಸಿಗುವುದಿಲ್ಲ, ಸ್ಟುಡಿಯೋದಲ್ಲಿ ಸೆಟ್ ಹಾಕಿದರೆ ಸೆಟ್ಟಿನ ಹಾಗೆ ಕಾಣ್ತದೆ, ಇದು ಒರಿಜಿನಲ್ ಸೀಮಂತ ಅಲ್ವಾ, ಎಂದು ಭಾವ ಡೆನಿಸ್‌ಗೆ ಹೇಳ್ತಿದ್ದರು, ನಾನು ಕನ್ನಡಿ ಎದುರು ಕೂತದ್ದು ಕಂಡೂ ಹೇಳ್ತಿದ್ದರು. ಒರಿಜಿನಲ್ ಅಂತೆ.

ಹಾಳೆ ಒರಿಜಿನಲ್, ಅದನ್ನು ಯಾರಿಗೂ ನನ್ನಿಂದ ಕಿತ್ತುಕೊಳ್ಳಲಿಕ್ಕೆ ಆಗುವುದಿಲ್ಲ, ನನ್ನ ಹಾಳೆ. ಪಾಲಿಯುರೆಥೇನ್ ಕರಗಿಸಿ ಅದರೊಳಗೆ ಇಂಗಾಲದ ನ್ಯಾನೋ ಕೊಳವೆ, ಕಣ್ಣಿಗೆ ಕಾಣದ್ದು, ಕೂದಲಿನ ದಪ್ಪದಲ್ಲಿ ಸಾವಿರಗಟ್ಟಲೆ ಹಿಡಿಯುವಂಥದ್ದು, ಡಬ್ಬಿ ತೆರೆದರೆ ಮಸಿ, ಅಷ್ಟೆ, ಮಸಿಯ ಪುಡಿ, ಆದರೆ ಅದನ್ನು ಬೆರೆಸುವುದು ಉಂಟಲ್ಲ, ಗಂಜಿಗೆ ಹಿಟ್ಟು ಹಾಕುವಾಗ ಗಂಟು ಕಟ್ಟುವ ಹಾಗೆ ಗಂಟು ಕಟ್ಟುತ್ತದೆ, ಗಂಟು ಒಡೆಯಲಿಕ್ಕೆ ನಾನು ಪಟ್ಟ ಪಾಡು, ಒಡೆಯಬೇಕು, ಆದರೆ ಕೊಳವೆ ತುಂಡಾಗಬಾರದು, ಒಂದಕ್ಕೊಂದು ತಾಗುತ್ತಾ ಇರಬೇಕು, ಶ್ಯಾವಿಗೆ ಒತ್ತಿದ ಹಾಗೆ ಒಂದರ ಮೇಲೆ ಒಂದು ಬಿದ್ದು ಈ ತುದಿಯಿಂದ ಆ ತುದಿಗೆ ದಾರಿ ಆಗಬೇಕು, ಕರೆಂಟು ಓಡಬೇಕು ಅದರಲ್ಲಿ, ಓಡಿದರೆ ಮಾತ್ರ ಅಲೆ ತಡೀತದೆ, ತಾಗದಿದ್ದರೆ ಅದು ಬರೀ ಕಪ್ಪು ರಬ್ಬರು, ಮಳೆಗೆ ಚಪ್ಪಲಿ ಮಾಡಬಹುದು. ತಾಗಿತು ಒಂದು ದಿನ. ಇಲೆಕ್ಟ್ರಿಕ್ ಸ್ಕೂಟರಿನ ಕಂಟ್ರೋಲರ್ ಪೆಟ್ಟಿಗೆ, ಎಕ್ಸಿಲರೇಟರ್ ತಿರುಗಿಸಿದರೆ ಮೋಟರಿನ ಗಲಾಟೆಗೆ ಡಿಸ್ಪ್ಲೇ ಹುಚ್ಚು ಹಿಡಿದ ಹಾಗೆ ಮಿಣಮಿಣ ಮಾಡ್ತಿತ್ತು, ನಿಂತ ಗಾಡಿ ಎಂಬತ್ತರ ಸ್ಪೀಡ್ ತೋರಿಸ್ತಿತ್ತು, ಪೆಟ್ಟಿಗೆಯ ಒಳಗೆ ನನ್ನ ಹಾಳೆ ಅಂಟಿಸಿ ಮುಚ್ಚಳ ಬಿಗಿದ ಮೇಲೆ ಗಪ್‌ಚಿಪ್, ಸೊನ್ನೆ, ಸೊನ್ನೆ ಅಂದರೆ ಸೊನ್ನೆ. ಕಾಲೇಜಿನ ಲ್ಯಾಬಿನಲ್ಲಿ ಅಳೆದರು, ತಾಮ್ರದ ಹಾಳೆ ಹೊದೆಸಿದ ಕೋಣೆ, ಬಾಗಿಲು ಹಾಕಿದರೆ ಮೊಬೈಲು ಸತ್ತ ಹಾಗೆ, ಮೊದಲ ಸಲ ಅಳೆದಾಗ ಲೆಕ್ಕ ಎಲ್ಲ ತಲೆಕೆಳಗೆ ಬಂತು, ಎಲ್ಲಿಂದಲೋ ಸಿಗ್ನಲ್ ಒಳಗೆ ಬರ್ತಾ ಉಂಟು, ಎಲ್ಲ ತಂತಿ ಬಿಚ್ಚಿ ಪುನಃ ಜೋಡಿಸಿದೆವು, ಆಮೇಲೆ ನಾನು ಸುಮ್ಮನೆ ಕೋಣೆಯ ದೀಪ ಆರಿಸಿ ಕೂತೆ, ಆಗ ಕಂಡಿತು, ಬಾಗಿಲಿನ ಬದಿಯಲ್ಲಿ, ಮೇಲಿನಿಂದ ಕೆಳಗಿನವರೆಗೆ, ಅಕ್ಕಿಕಾಳಿನ ದಪ್ಪದ ಒಂದು ಬೆಳಕಿನ ಗೆರೆ. ಬಾಗಿಲು ಪೂರ್ತಿ ಕೂತಿರಲಿಲ್ಲ. ನಾಲ್ಕು ಗೋಡೆ, ನೆಲ, ಮಾಡು, ಎಲ್ಲ ತಾಮ್ರ, ಅಷ್ಟೂ ಆ ಗೆರೆಯ ಎದುರು ದಂಡ. ಬಾಗಿಲು ಒತ್ತಿ ಹಾಕಿ ಅಳೆದಾಗ ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ ನನ್ನ ಹಾಳೆ ದಾಟಿತು, ನಾನು ಬಾತ್‌ರೂಮಿಗೆ ಹೋಗಿ ಅತ್ತೆ, ಖುಷಿಗೆ ಅತ್ತದ್ದು, ಈಗ ಅಳುವುದಿಲ್ಲ, ಈಗ ಅಳುವ ಸರದಿ ನನ್ನದಲ್ಲ.

ಬೆಲ್ಟು ಎಂದರೆ ಪೆಟ್ಟಿಗೆ ಅಲ್ಲ ಭಾವ. ಎಷ್ಟು ಸಲ ಹೇಳಿದೆ. ಹಾಳೆ ತಕ್ಕೊಳ್ತಿದ್ದ ಸ್ಕೂಟರಿನವರು ಪುಣೆಯ ಬೇರೆ ಕಂಪನಿಗೆ ಹೋದ ಮೇಲೆ ಫ್ಯಾಕ್ಟರಿಯಲ್ಲಿ ಹಾಳೆಯ ರಾಶಿ ಬಿದ್ದಿತ್ತು, ಭಾವ ಅದರ ಸುತ್ತ ನಾಲ್ಕು ದಿನ ತಿರುಗಿ ಐದನೇ ದಿನ ಬೆಲ್ಟಿನ ಕನಸು ಕಂಡು ಬಂದರು, ಬಸುರಿಯರು ಹೆದರ್ತಾರೆ ಪ್ರಾಪ್ತಿ, ಎಲ್ಲರೂ ಹೆದರ್ತಾರೆ, ಗಲ್ಫಿನಲ್ಲಿ ಕೇಳುವವರು ಇದ್ದಾರೆ. ಹೆದರುವುದು ಎಂತಕ್ಕೆ ಭಾವ, ಬೆಲ್ಟು ಬೇಕು ಎಂದು ನಾನು ಓದಿದ ಯಾವ ಸಂಶೋಧನೆಯಲ್ಲೂ ಇಲ್ಲ. ಬೇಡ ಎಂದು ಉಂಟಾ, ಎಂದರು. ಹಾಗಾದರೆ ಕೇಳಿ ಭಾವ, ಅಲೆಯನ್ನು ತಡೀಬೇಕಾದರೆ ಸುತ್ತ ಮುಚ್ಚಬೇಕು, ಸಂದಿ ಇರಬಾರದು, ಬೆಲ್ಟಿಗೆ ಮೇಲೆ ತೆರೆದಿದೆ, ಕೆಳಗೆ ತೆರೆದಿದೆ, ಬೆನ್ನಿನ ಬದಿ ಬರೀ ಇಲಾಸ್ಟಿಕ್, ಮಳೆ ಬರುವಾಗ ಹಣೆಗೆ ಮಾತ್ರ ಕೊಡೆ ಹಿಡಿದ ಹಾಗೆ. ನಕ್ಕರು. ಒಳ್ಳೆ ಹೇಳ್ತಿ ನೀನು, ಇದನ್ನೇ ಸ್ವಲ್ಪ ತಿರುಗಿಸಿ ವಿಡಿಯೋದಲ್ಲಿ ಹೇಳು. ಅವರ ಹತ್ರ ಡೆಮೋ ಉಂಟು, ಅಂಗಡಿ ಅಂಗಡಿಗೆ ಹೋಗಿ ಮಾಡ್ತಾರೆ, ನನ್ನ ಹಾಳೆಯ ಒಂದು ಚೀಲ, ಬಾಯಿ ಮಡಚಿ ಒತ್ತುವಂಥದ್ದು, ಅಂಗಡಿಯವನ ಮೊಬೈಲನ್ನೇ ಅದರೊಳಗೆ ಹಾಕಿ, ಬಾಯಿ ಮಡಚಿ, ಈಗ ಕರೆ ಮಾಡಿ ಸರ್ ಎನ್ನುವುದು, ರಿಂಗ್ ಆಗುವುದಿಲ್ಲ, ಅಂಗಡಿಯವನ ಬಾಯಿ ತೆರೆದೇ ಇರ್ತದೆ, ಆಗ ಚೀಲ ಒಳಗೆ, ಬೆಲ್ಟು ಹೊರಗೆ, ಅದೇ ಮೆಟೀರಿಯಲ್ ಸರ್, ನೋಡಿ ಮುಟ್ಟಿ ನೋಡಿ. ಅದೇ ಮೆಟೀರಿಯಲ್ ಹೌದು. ಅದೇ ಅಕ್ಕಿ, ಒಂದು ಕಡೆ ಡಬ್ಬಿಯಲ್ಲಿ ಉಂಟು, ಒಂದು ಕಡೆ ಅಂಗಳದಲ್ಲಿ ಚೆಲ್ಲಿದೆ, ಕಾಗೆಗೆ ವ್ಯತ್ಯಾಸ ಗೊತ್ತಾಗ್ತದೆ, ಅಂಗಡಿಯವನಿಗೆ ಗೊತ್ತಾಗುವುದಿಲ್ಲ.

ಮತ್ತೆ ಆ ಜೇಬು. ನಗು ಬರ್ತದೆ ಈಗಲೂ, ಕೋಪದಲ್ಲಿ ಬರುವ ನಗು. ಬೆಲ್ಟು ಹೊಲಿದದ್ದು ಬಂದರಿನ ಮಹಾಬಲಣ್ಣ, ಜೀವಮಾನ ಇಡೀ ಮೀನು ಮಾರುವ ಹೆಂಗಸರಿಗೆ ಸೊಂಟದ ಚೀಲ ಹೊಲಿದವರು, ಆ ಚೀಲಕ್ಕೆ ಜೇಬು ಯಾವಾಗಲೂ ಒಳಬದಿಗೆ, ಮೈಗೆ ತಾಗುವ ಬದಿಗೆ, ಬಸ್ಸಿನ ನೂಕುನುಗ್ಗಲಲ್ಲಿ ಯಾರ ಕೈಯೂ ಹೋಗಬಾರದು, ಅವರ ಕೈ ಅದೇ ಅಭ್ಯಾಸದಲ್ಲಿ ಬೆಲ್ಟಿಗೂ ಒಳಬದಿಗೆ ಒಂದು ಜೇಬು ಹೊಲಿದುಬಿಟ್ಟಿತು, ಯಾರೂ ಹೇಳಿರಲಿಲ್ಲ, ಹೆಂಗಸರು ಮೊಬೈಲ್ ಎಲ್ಲಿ ಇಡುವುದು ಮತ್ತೆ, ಎಂದು ಕೇಳಿದರು ನನ್ನ ಹತ್ರ, ಎಷ್ಟು ಪ್ರೀತಿಯಿಂದ ಕೇಳಿದರು. ಹೊಟ್ಟೆಗೆ ಮೊಬೈಲು ತಾಗಬಾರದು ಎಂಬ ಬೆಲ್ಟು, ಮೊಬೈಲನ್ನು ಹೊಟ್ಟೆಗೂ ಹಾಳೆಗೂ ನಡುವೆ ಇಡಲಿಕ್ಕೆ ಜೇಬು. ಅಲೆ ಹೊರಗೆ ಹೋಗಲಿಕ್ಕೆ ಅರ್ಧ ದಾರಿ ಮುಚ್ಚಿದರೆ ಮೊಬೈಲು ಟವರ್ ಹುಡುಕಿ ಇನ್ನೂ ಗಟ್ಟಿ ಕೂಗ್ತದೆ, ಗದ್ದಲದಲ್ಲಿ ಮಾತಾಡುವವರ ಹಾಗೆ, ಅದನ್ನೂ ಹೇಳಿದೆ ಭಾವನಿಗೆ. ಭಾವ ಜೇಬು ನೋಡಿದರು, ಕೈ ಹಾಕಿ ನೋಡಿದರು, ಮಾರನೇ ದಿನ ಪೋಸ್ಟರಿನಲ್ಲಿ ಕೆಂಪು ಅಕ್ಷರ, ಮೊಬೈಲ್ ಪಾಕೆಟ್ ಉಚಿತ. ನಾನು ಪೋಸ್ಟರ್ ಹರಿದೆ. ಪುನಃ ಅಂಟಿಸಿದರು.

ಹರಿದದ್ದನ್ನು ಸುಹೈಲಾ ನೋಡಿದಳು. ಅಲ್ಲಿದ್ದಾಳೆ, ಮೂರನೇ ಸಾಲಿನಲ್ಲಿ, ನೀಲಿ ಪ್ಲಾಸ್ಟಿಕ್ ಕುರ್ಚಿ, ಕೈಯಲ್ಲಿ ಬೊಂಡ ಶರಬತ್ತು, ಎಳನೀರಿನದು, ಕುಡೀತಾ ಇಲ್ಲ, ನನ್ನನ್ನೇ ನೋಡ್ತಾ ಇದ್ದಾಳೆ, ನನ್ನ ಮುಖ ಅಲ್ಲ, ಬೆಲ್ಟು ನೋಡ್ತಾ ಇದ್ದಾಳೆ. ಕುದ್ರೋಳಿಯವಳು, ನಮ್ಮ ಅಮ್ಮನ ಮನೆಯಿಂದ ಎರಡು ಓಣಿ ಆಚೆ, ಫ್ಯಾಕ್ಟರಿಯಲ್ಲಿ ಹಾಳೆ ಕತ್ತರಿಸುವುದು ಅವಳೇ, ಗಂಡ ಇಜಾಝ್ ದಮ್ಮಾಮಿನಲ್ಲಿ, ನನ್ನ ಗಂಡ ಮಸ್ಕತ್ತಿನಲ್ಲಿ, ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಎಷ್ಟು ಸಲ ಗಂಡಂದಿರನ್ನು ಬೈದಿದ್ದೇವೆ, ನಕ್ಕಿದ್ದೇವೆ. ಅವಳಿಗೆ ಎರಡು ಸಲ ಬಸಿರು ನಿಂತದ್ದು ಎರಡು ಸಲವೂ ಹೋಯಿತು, ಎರಡನೆಯದು ಹೋದಾಗ ಖತೀಜಮ್ಮ, ಅವಳ ಅತ್ತೆ, ಬಾಗಿಲಲ್ಲಿ ಕೂತು ಯಾರನ್ನೂ ಒಳಗೆ ಬಿಡಲಿಲ್ಲ, ನನ್ನನ್ನು ಬಿಟ್ಟರು, ನಾನು ಹೋಗಿ ಅವಳ ಕಾಲು ಒತ್ತುತ್ತಾ ಕೂತೆ, ಈಗ ಮೂರನೆಯದು, ಐದು ತಿಂಗಳು, ಡಾಕ್ಟರು ಹೇಳಿದ್ದಾರೆ ಈ ಸಲ ಸ್ಕ್ಯಾನಿಂಗ್ ತಪ್ಪಿಸಬಾರದು, ಹಿಂದೆ ಹೋದದ್ದಕ್ಕೆ ಕಾರಣ ನೋಡಬೇಕು, ನೋಡಿದರೆ ಹಿಡಿದು ನಿಲ್ಲಿಸಬಹುದು. ಅವಳು ಹೋಗಲಿಲ್ಲ. ಭಾವನ ವಾಟ್ಸಾಪ್ ಮೆಸೇಜು, ಗರ್ಭಿಣಿಯರೇ ಎಚ್ಚರ, ನಿಮ್ಮ ಸುತ್ತ ಕಿರಣಗಳು, ಮೊಬೈಲು, ವೈಫೈ, ಓವನ್, ಸ್ಕ್ಯಾನಿಂಗ್ ಮೆಷಿನ್ — ಸ್ಕ್ಯಾನಿಂಗ್ ಎಲ್ಲಿಂದ ಬಂತು ಭಾವ. ಇರಲಿ ಮಾರಾಯ್ತಿ, ನಾಲ್ಕು ಹೆಸರಿದ್ದರೆ ತೂಕ ಬರ್ತದೆ. ತೂಕ. ಸುಹೈಲಾ, ಸ್ಕ್ಯಾನಿಂಗಿನಲ್ಲಿ ಕಿರಣ ಇಲ್ಲ, ಅದು ಶಬ್ದ, ನಮಗೆ ಕೇಳಿಸದ ಶಬ್ದ, ಶಬ್ದ ಹೋಗಿ ಮಗುವಿಗೆ ತಾಗಿ ವಾಪಸು ಬರ್ತದೆ ಅಷ್ಟೆ, ಹೋಗು ಮಾರಾಯ್ತಿ. ಅಕ್ಕ, ಮೆಸೇಜಿನಲ್ಲಿ ಉಂಟಲ್ಲ. ಮೆಸೇಜು ಭಾವ ಬರೆದದ್ದು. ಬೆಲ್ಟು ನೀವು ಮಾಡಿದ್ದಲ್ವಾ ಅಕ್ಕ, ಬೆಲ್ಟು ನಿಜ ಆದರೆ ಮೆಸೇಜೂ ನಿಜ ಅಲ್ವಾ. ಪೋಸ್ಟರ್ ಯಾಕೆ ಹರಿದಿರಿ, ಕೋಪ ಬಂತಾ ಭಾವನ ಮೇಲೆ. ಮನೆಯ ಜಗಳ ಎಂದುಕೊಂಡಳು. ಬುರ್ಖಾದ ಒಳಗೆ ಇಡೀ ದಿನ ಬೆಲ್ಟು, ಕತ್ತರಿಸುವ ಮೇಜಿನ ಹತ್ರ ಬಗ್ಗುವಾಗ ಸಡಿಲ ಆದರೆ ಬಿಚ್ಚಿ ಪುನಃ ಒತ್ತುತ್ತಾಳೆ, ಚರ್ರ್ ಎಂದು ವೆಲ್ಕ್ರೋ ಶಬ್ದ, ಮೆಷಿನಿನ ಗೌಜಿಯಲ್ಲೂ ನನಗೆ ಕೇಳಿಸುತ್ತದೆ, ಬೆನ್ನ ತುಂಬ ಬೆವರು ಸಾಲೆ ಎದ್ದಿದೆ, ತೋರಿಸಿದಳು ಒಂದು ಸಲ, ಕೆಂಪು ಕೆಂಪು, ಇರಲಿ ಅಕ್ಕ, ಇಷ್ಟು ತಡಕೊಳ್ಳದಿದ್ದರೆ ನಾನು ಎಂಥ ತಾಯಿ. ಮತ್ತೆ ಮೊನ್ನೆ, ಬಸ್ಸಿನಲ್ಲಿ, ಅಕ್ಕ ನೀವು ಸೀಮಂತದ ದಿನ ಹಾಕ್ತೀರಂತೆ ಹೌದಾ, ಮುಖೇಶ್ ಸರ್ ಹೇಳಿದರು, ನೀವು ಹಾಕುವುದನ್ನು ಕಣ್ಣಾರೆ ಕಂಡರೆ ನಾನು ಹೆರಿಗೆವರೆಗೆ ಇದನ್ನು ಬಿಚ್ಚುವುದಿಲ್ಲ, ಸ್ಕ್ಯಾನಿಂಗಿಗೂ ಹೋಗುವುದಿಲ್ಲ, ಇನ್ಷಾ ಅಲ್ಲಾಹ್ ಈ ಸಲ ಸರಿಯಾಗ್ತದೆ. ನಾನು ಹಾಕುವುದಿಲ್ಲ ಎಂದೆ. ನಕ್ಕಳು, ನನ್ನ ಕೈ ಹಿಡಿದು ನಕ್ಕಳು.

ಈಗ ನೋಡಿದರೆ ಹಾಕಿದ್ದೇನೆ. ಕಣ್ಣಾರೆ ಕಾಣ್ತಾ ಇದ್ದಾಳೆ. ಭಾವ ಕಟ್ಟಲಿಕ್ಕೆ ಬಂದಿದ್ದರೆ ಕೈ ತಳ್ಳುತ್ತಿದ್ದೆ, ನೂರು ಜನರ ಎದುರು ತಳ್ಳುತ್ತಿದ್ದೆ, ಭಾವನಿಗೆ ಅದು ಗೊತ್ತು, ಹಾಗಾಗಿ ಅತ್ತೆಯ ಕೈಯಲ್ಲಿ ಕೊಟ್ಟರು. ಕುಂಕುಮ ಇಟ್ಟು, ಹೂ ಮುಡಿಸಿ, ಮಡಿಲಿಗೆ ಅಕ್ಕಿ ತೆಂಗಿನಕಾಯಿ ವೀಳ್ಯ ಹಾಕಿ, ಆಮೇಲೆ ಅತ್ತೆ, ಜಯಕ್ಕ ಎಂದು ಊರೆಲ್ಲ ಕರೆಯುವ ನನ್ನ ಅತ್ತೆ, ಇಷ್ಟು ತಿಂಗಳು ಬೂತಾಯಿ ಮೀನಿನ ಮುಳ್ಳು ಬಿಡಿಸಿ ನನ್ನ ಬಟ್ಟಲಿಗೆ ಹಾಕಿದವರು, ತಟ್ಟೆಯಿಂದ ಬೆಲ್ಟು ಎತ್ತಿ ಕಣ್ಣಿಗೆ ಒತ್ತಿಕೊಂಡರು, ಕಣ್ಣಿಗೆ ಒತ್ತಿಕೊಂಡರು ಮಾರಾಯ್ರೆ ದೇವರ ಪ್ರಸಾದದ ಹಾಗೆ, ನನ್ನ ಮೊಮ್ಮಗುವಿಗೆ ಎಂತದೂ ಆಗಬಾರದು ಮಗಾ ಎಂದು ನನ್ನ ಹೊಟ್ಟೆಗೆ ಸುತ್ತಿದರು, ವೆಲ್ಕ್ರೋ ಎರಡು ಸಲ ತಪ್ಪಿತು, ಮೂರನೇ ಸಲ ಅಂಗೈಯಿಂದ ಒತ್ತಿ ಹಿಡಿದರು, ಆ ಕೈಯನ್ನು ಹೇಗೆ ತಳ್ಳುವುದು. ಅದಕ್ಕೇ ಸಿಟ್ಟು ನನಗೆ. ಸುಳ್ಳನ್ನು ಭಾವ ತಾನೇ ಹೊತ್ತು ತಿರುಗಲಿ, ಬೇಡ ಎನ್ನುವುದಿಲ್ಲ, ಅದನ್ನು ಅತ್ತೆಯ ಕೈಯಲ್ಲಿ ಕೊಟ್ಟದ್ದು, ನನ್ನ ಬಾಯಿಯಲ್ಲಿ ಇಡಲಿಕ್ಕೆ ಹೊರಟದ್ದು, ಸುಹೈಲಾಳ ಬೆನ್ನಿಗೆ ಕಟ್ಟಿದ್ದು, ಮೂವರು ಹೆಂಗಸರನ್ನು ಒಂದು ದಾರದಲ್ಲಿ ಪೋಣಿಸಿದ ಹಾಗೆ. ಬೇರೆಯವರಿಗೂ ಕೆಲಸ ಹೋಗ್ತದೆ ಪ್ರಾಪ್ತಿ, ಫ್ಯಾಕ್ಟರಿ ಮುಚ್ಚಿದರೆ ನಿನ್ನ ಸುಹೈಲಾಳಿಗೂ ಹೋಗ್ತದೆ, ಭಾವ ಅದೂ ಹೇಳಿದರು, ಹೇಳದೆ ಬಿಡಲಿಲ್ಲ. ಹೋಗಲಿ, ಇಲ್ಲ, ಹೋಗಲಿ ಎಂದು ಸುಲಭದಲ್ಲಿ ಹೇಳಲಿಕ್ಕೆ ನಾನು ಯಾರು, ಹೋದರೆ ಪುನಃ ಪೆಟ್ಟಿಗೆ ಮಾಡುವ, ಆಸ್ಪತ್ರೆಯ ಮೆಷಿನಿಗೆ ಬೇಕು, ಬೋಟಿನ ರೇಡಿಯೋಗೆ ಬೇಕು, ಬಾಗಿಲು ಬಾಗಿಲಿಗೆ ಹಾಳೆ ಹೊತ್ತು ನಾನೇ ಹೋಗ್ತೇನೆ, ಕೂಸು ಸೊಂಟದಲ್ಲಿ ಇಟ್ಟುಕೊಂಡು ಹೋಗ್ತೇನೆ, ಮುಚ್ಚುವ ಪೆಟ್ಟಿಗೆ ಯಾವುದು ಉಂಟೋ ಅದಕ್ಕೆಲ್ಲ ಹಾಳೆ ಕೊಡ್ತೇನೆ, ಮುಚ್ಚಲಿಕ್ಕೆ ಆಗದ ಹೆಂಗಸಿನ ಹೊಟ್ಟೆಗೆ ಕೊಡುವುದಿಲ್ಲ.

ರೆಡಿಯಾ ಮೇಡಂ, ಡೆನಿಸ್ ಕೇಳ್ತಾ ಇದ್ದಾನೆ, ಸ್ವಲ್ಪ ನಗಿ, ಬೆಲ್ಟಿನ ಹೆಸರು ಕಾಣಲಿ, ಕೈ ಕೆಳಗೆ ಇಡಿ. ಹೊಟ್ಟೆಯ ಮೇಲಿದ್ದ ಕೈ ಕೆಳಗೆ ಇಟ್ಟೆ. ಒಳಗಿನ ಜನ ಒಂದು ಸುತ್ತು ಹೊರಳಿತು, ಒಳಗಿನ ಜನ ಎಂದೇ ಕರೆಯುವುದು ನಾನು, ಹೆಸರು ಆಮೇಲೆ, ಬೆಳಿಗ್ಗೆಯಿಂದ ಗಲಾಟೆ ಮಾಡ್ತಾ ಉಂಟು, ಅದಕ್ಕೂ ಸೆಕೆ ಆಗಿರಬೇಕು. ಅಮ್ಮ ಬದಿಯಲ್ಲಿ ನಿಂತು ಸೆರಗಿನಿಂದ ನನ್ನ ಹಣೆ ಒರೆಸಿದರು, ಒಂದು ಮಾತು ಹೇಳಿಬಿಡು ಮಗಾ, ಅವರ ಮನೆ, ಅವರ ಬಳಗ, ಸುಮ್ಮನೆ ಎಂತಕ್ಕೆ, ಮಧ್ಯಾಹ್ನ ಹೋಗುವವರಲ್ವಾ ನಾವು. ನಿನ್ನೆ ಹಿತೇಶನೂ ಫೋನಿನಲ್ಲಿ ಅದನ್ನೇ, ಒಂದು ವಾಕ್ಯಕ್ಕೆ ಇಷ್ಟು ಗಲಾಟೆಯಾ, ಅಣ್ಣ ನನ್ನನ್ನು ಓದಿಸಿದವನು ಪ್ರಾಪ್ತಿ. ನಿನ್ನನ್ನು ಓದಿಸಿದರು, ನನ್ನನ್ನು ಓದಿಸಲಿಲ್ಲವಲ್ಲ ಹಿತೇಶ್. ಆಮೇಲೆ, ಆಯ್ತು, ಆರತಿ ಹೊತ್ತಿಗೆ ಫೋನ್ ಮಾಡ್ತೇನೆ, ಆರತಿಯ ಹಾಡಾದರೂ ಕೇಳಿಸು, ಅಷ್ಟಕ್ಕಾದರೂ ಎತ್ತು. ಎತ್ತುತ್ತೇನೆ ಎಂದೆ, ಅಳುಬುರುಕ, ಅವನಿಗೆ ಇಲ್ಲಿ ಇರಬೇಕಿತ್ತು, ಗೊತ್ತು ನನಗೆ, ರಜೆ ಸಿಗಲಿಲ್ಲ. ಮೊಬೈಲು ನನ್ನ ಮಡಿಲಲ್ಲೇ ಉಂಟು, ಅಕ್ಕಿ, ವೀಳ್ಯದೆಲೆ, ತೆಂಗಿನಕಾಯಿಯ ಬದಿಯಲ್ಲಿ ಅದೂ ಒಂದು ಸಾಮಾನು. ಪ್ರಾಪ್ತಿ, ಮೊಬೈಲ್ ತೆಗೆ, ಫ್ರೇಮಿನಲ್ಲಿ ಕಾಣ್ತದೆ, ಎಲ್ಲಾದರೂ ಇಡು ಅದನ್ನು, ಎಂದರು ಭಾವ.

ಎಲ್ಲಾದರೂ ಇಡು. ಎಲೆಯ ಮೇಲಿನ ಬಿಸಿಲಿನ ಗೆರೆ ಎಳ್ಳುಂಡೆ ದಾಟಿ ಚಕ್ಕುಲಿಗೆ ಬಂದಿದೆ, ಎಲ್ಲಾದರೂ ಇಡು, ಎಲ್ಲಿ ಇಡುವುದು, ಹೆಂಗಸರು ಮೊಬೈಲ್ ಎಲ್ಲಿ ಇಡುವುದು ಮತ್ತೆ, ಮಹಾಬಲಣ್ಣ, ನಿಮ್ಮ ಕೈ ಚಿನ್ನ, ನಿಮ್ಮ ಅಭ್ಯಾಸಕ್ಕೆ ನಾನು ಕೈ ಮುಗೀತೇನೆ, ಇಡಲಿಕ್ಕೆ ಜಾಗ ನೀವೇ ಹೊಲಿದಿಟ್ಟಿದ್ದೀರಿ. ಅತ್ತೆ ಬೇಸರ ಮಾಡ್ತಾರೆ, ಮಾಡ್ತಾರೆ, ಅವರ ಕಾಲು ಹಿಡೀತೇನೆ ಆಮೇಲೆ, ಸುಹೈಲಾಳ ಅತ್ತೆ ಪುನಃ ಬಾಗಿಲಲ್ಲಿ ಕೂರುವ ದಿನ ಬರುವುದಕ್ಕಿಂತ ನನ್ನ ಅತ್ತೆಯ ಬೇಸರ ನಾನು ಹೊರ್ತೇನೆ. ಡೆನಿಸ್, ಆನ್ ಮಾಡು ಎಂದೆ, ಕೆಮರಾದ ಮೇಲೆ ಕೆಂಪು ಚುಕ್ಕಿ, ನನ್ನ ಸ್ವರ ಕೇಳಿ ನನಗೇ ಆಶ್ಚರ್ಯ, ಕ್ಲಾಸಿನಲ್ಲಿ ಉತ್ತರ ಹೇಳುವ ಸ್ವರ. ನನ್ನ ಹೆಸರು ಪ್ರಾಪ್ತಿ, ಇದರ ಒಳಗಿನ ಹಾಳೆ ಮಾಡಿದವಳು ನಾನು, ಹಾಳೆ ಒಳ್ಳೇದುಂಟು, ಪೆಟ್ಟಿಗೆಗೆ ಹಾಕಿ ಮುಚ್ಚಿದರೆ ಇದರ ಹಾಗೆ ಕೆಲಸ ಮಾಡುವ ಹಾಳೆ ಕಮ್ಮಿ — ಭಾವ ತಲೆ ಆಡಿಸ್ತಾ ಇದ್ದಾರೆ, ಹಾಂ ಹಾಂ, ಹಾಗೇ ಹೋಗಲಿ ಎಂದು ಕೈಯಲ್ಲಿ ತೋರಿಸ್ತಾ ಇದ್ದಾರೆ — ಅಂಗಡಿಗಳಲ್ಲಿ ನಮ್ಮ ಭಾವ ಒಂದು ಡೆಮೋ ಮಾಡ್ತಾರೆ, ಚೀಲದ ಒಳಗೆ ಮೊಬೈಲ್ ಇಟ್ಟು ಕರೆ ಮಾಡುವುದು, ರಿಂಗ್ ಆಗುವುದಿಲ್ಲ, ಹೆಚ್ಚಿನವರು ನೋಡಿರಬಹುದು, ಅದೇ ಡೆಮೋ ಇವತ್ತು ಬೆಲ್ಟಿನಲ್ಲಿ ಮಾಡುವ, ಮಗುವಿಗೆ ಹಾಕುವುದು ಬೆಲ್ಟು ಅಲ್ವಾ, ಚೀಲ ಅಲ್ಲವಲ್ಲ. ಮಡಿಲಿನಿಂದ ಮೊಬೈಲ್ ಎತ್ತಿದೆ, ಎಲ್ಲರಿಗೂ ತೋರಿಸಿದೆ, ಬೆಲ್ಟಿನ ಒಳಗೆ ಕೈ ಹಾಕಿ ಜೇಬಿಗೆ ಇಳಿಸಿದೆ, ಸೀರೆಯ ಮೇಲಿನಿಂದಲೂ ಹೊಟ್ಟೆಗೆ ತಣ್ಣಗೆ ತಾಗಿತು, ಒಳಗಿನ ಜನ ಸುಮ್ಮನಾಯಿತು, ಭಾವ, ನಿಮ್ಮ ಕೈಯಲ್ಲಿ ಎರಡು ಮೊಬೈಲ್ ಉಂಟಲ್ಲ, ಯಾವುದರಿಂದಲಾದರೂ ನನಗೆ ಕರೆ ಮಾಡಿ.

ಶಾಮಿಯಾನದ ಕೆಳಗೆ ಎಲ್ಲರೂ ಭಾವನನ್ನು ನೋಡ್ತಾ ಇದ್ದಾರೆ, ಭಾವ ಮೊಬೈಲ್ ನೋಡ್ತಾ ಇದ್ದಾರೆ, ಹೆಬ್ಬೆರಳು ಮೇಲೆ ನಿಂತಿದೆ, ಒತ್ತುತ್ತಾ ಇಲ್ಲ, ಅವರಿಗೂ ಗೊತ್ತಿತ್ತು ಹಾಗಾದರೆ, ನಾನು ಇಷ್ಟು ದಿನ ತಿಳಿಯದವರಿಗೆ ತಿಳಿಹೇಳ್ತಿದ್ದೇನೆ ಎಂದುಕೊಂಡಿದ್ದೆ, ಗೊತ್ತಿತ್ತು, ಆ ಹೆಬ್ಬೆರಳಿಗೆ ಎಲ್ಲ ಗೊತ್ತುಂಟು. ಇದೆಲ್ಲ ಈಗ ಬೇಡ ಪ್ರಾಪ್ತಿ, ನೆಟ್‌ವರ್ಕ್ ಇಲ್ಲ ಇಲ್ಲಿ, ಎಂದರು. ಮೊದಲನೇ ಸಾಲಿನಲ್ಲಿ ಯಾರೋ, ನನಗೆ ಫುಲ್ ಉಂಟಲ್ಲ, ಎಂದರು. ಮಾಡು ಮಗಾ, ಅತ್ತೆ ಹೇಳ್ತಾ ಇದ್ದಾರೆ, ನನ್ನ ಅತ್ತೆ, ಭಾವನಿಗೆ ಹೇಳ್ತಾ ಇದ್ದಾರೆ, ಎಲ್ಲರಿಗೂ ಗೊತ್ತಾಗಲಿ, ಮಾಡು, ಎಷ್ಟು ನಂಬಿಕೆ ಆ ಸ್ವರದಲ್ಲಿ, ಬೆಲ್ಟಿನ ಮೇಲಲ್ಲ, ಮಗನ ಮೇಲೆ, ಅದನ್ನು ಕೇಳಲಿಕ್ಕೆ ಆಗಲಿಲ್ಲ ನನಗೆ, ಕಣ್ಣು ಎತ್ತಿದೆ, ಮೂರನೇ ಸಾಲು, ಸುಹೈಲಾ ಶರಬತ್ತಿನ ಗ್ಲಾಸು ಕೆಳಗೆ ಇಟ್ಟಿದ್ದಾಳೆ, ಎರಡು ಕೈಯೂ ಹೊಟ್ಟೆಯ ಮೇಲೆ, ತುಟಿ ಅಲುಗ್ತಾ ಉಂಟು, ದುವಾ ಮಾಡ್ತಾ ಇದ್ದಾಳೆ, ರಿಂಗ್ ಆಗಬಾರದು ಎಂದು ದುವಾ ಮಾಡ್ತಾ ಇದ್ದಾಳೆ, ಆಗಲಿ ಮಾರಾಯ್ತಿ, ಆಗಲಿ, ಭಾವ ಒತ್ತುವುದಿಲ್ಲ, ಹಿತ್ತಾಳೆಯ ತಟ್ಟೆಯಲ್ಲಿ ಯಾರೋ ಆರತಿಯ ಬತ್ತಿ ಹಚ್ಚುತ್ತಾ ಇದ್ದಾರೆ, ಎಣ್ಣೆಯ ವಾಸನೆ, ಆರತಿ, ಆರತಿ ಹೊತ್ತಿಗೆ —

ಹೊಟ್ಟೆ ನಡುಗಿತು. ಮೊದಲು ನಡುಕ, ಆಮೇಲೆ ಶಬ್ದ, ಗಟ್ಟಿ ಶಬ್ದ, ಹಿತೇಶ್, ಮಸ್ಕತ್ತಿನಿಂದ, ಸಮುದ್ರದ ಆಚೆಯಿಂದ, ಅಣ್ಣನ ಬೆಲ್ಟಿನ ಒಳಗೆ ಬಂದು ನಿಂತು ಕರೀತಾ ಇದ್ದಾನೆ, ಆರತಿ ಕೇಳಲಿಕ್ಕೆ, ಪಾಪ, ನಾನು ಎತ್ತುವುದಿಲ್ಲ, ಒಂದು ಸಲ, ಎರಡು ಸಲ, ಆಗ್ತಾ ಇರಲಿ, ಡೆನಿಸನ ಕೆಂಪು ಚುಕ್ಕಿ ಉರೀತಾ ಉಂಟು, ಆರಿಸು ಅದನ್ನು ಎಂದು ಭಾವ ಹೇಳಿದ್ದು ಕೇಳಿಸಿತು, ಡೆನಿಸನಿಗೆ ಕೇಳಿಸಲಿಲ್ಲ ಕಾಣ್ತದೆ, ಅತ್ತೆಯ ಕೈ ಬಾಯಿಯ ಮೇಲೆ, ಅಮ್ಮ ನನ್ನ ಭುಜ ಹಿಡಿದಿದ್ದಾರೆ, ಗಟ್ಟಿ ಹಿಡಿದಿದ್ದಾರೆ, ಒಳಗಿನ ಜನ ಎದ್ದು ಒದ್ದಿತು, ಸರಿಯಾಗಿ ಮೊಬೈಲಿಗೆ ಒದ್ದಿತು, ನಾನು ತಲೆ ಬಗ್ಗಿಸಿ ನೋಡಿದೆ, ಬೆಲ್ಟಿನ ಮೇಲಿನ ಅಂಚು, ಬಂಗಾರದ ನೂಲಿನ ಕಸೂತಿಯ ಮೇಲೆ, ಹೊಟ್ಟೆಗೂ ಹಾಳೆಗೂ ನಡುವೆ, ಹಸಿರು ಸೀರೆಯ ಮೇಲೆ, ಅಕ್ಕಿಕಾಳಿನ ದಪ್ಪದ ಒಂದು ಬೆಳಕಿನ ಗೆರೆ, ಹತ್ತುತ್ತದೆ ಆರುತ್ತದೆ, ಮೂರನೇ ಸಾಲಿನಲ್ಲಿ ಚರ್ರ್ ಎಂದಿತು, ವೆಲ್ಕ್ರೋ, ಬುರ್ಖಾದ ಒಳಗೆ, ನಿಧಾನಕ್ಕೆ, ಪೂರ್ತಿ, ಈ ಸಲ ಪುನಃ ಒತ್ತಿದ ಶಬ್ದ ಬರಲಿಲ್ಲ, ನಾನು ತಲೆ ಎತ್ತಲಿಲ್ಲ, ರಿಂಗ್ ಆಗ್ತಾ ಉಂಟು, ಹಸಿರಿನ ಮೇಲೆ ಗೆರೆ, ಬೆಳಕಿನ ಗೆರೆ, ಅಕ್ಕಿಕಾಳಿನಷ್ಟು, ಹತ್ತುತ್ತದೆ, ಆರುತ್ತದೆ, ಹತ್ತುತ್ತದೆ